ವೀಳ್ಯದೆಲೆಯ ತೇಪೆ

ತುಮಕೂರಿನ ಅಂಗಡಿಯಲ್ಲಿ ರೇವಮ್ಮ ತಲೆಯ ಪಿನ್ನು ಕಿತ್ತು, ಕರಿ ರಬ್ಬರ್ ಶೀಟಿಗೆ ಚುಚ್ಚಿಯೇಬಿಟ್ಟಳು.

"ಅಯ್ಯೋ ಟೀಚರ್, ತೂತು ಬಿತ್ತಲ್ರೀ!" ಅಂಗಡಿಯಲ್ಲಿ ಕೆಲಸಕ್ಕಿದ್ದ ಶಿವರಾಮು ಕಣ್ಣರಳಿಸಿದ.

"ಗುಬ್ಬೀಲಿ ನಮ್ಮ ಹಿತ್ತಲಲ್ಲಿ ತಾವರೆ ಕೊಳ ಮಾಡ್ತಿದೀನಿ. ನೀರು ಸೋರಬಾರ್ದು. ಪರೀಕ್ಷೆ ಮಾಡ್ದೆ ತಗೊಳ್ಳೋಕಾಗುತ್ತಾ?"

"ಬಿಳೀ ಪ್ಲಾಸ್ಟಿಕ್ ಆದ್ರೆ ಬಿಸ್ಲಿಗೆ ಬಿರಿಯುತ್ತೆ. ಇದು ಗಟ್ಟಿ. ಆದ್ರೆ ನಿಮ್ಮ ಪಿನ್ನಿನ ಮುಂದೆ ಯಾವುದು ತಾನೇ ತಡೆಯುತ್ತೆ?"

ಅವಳು ನಕ್ಕಳು. ಅವನು ಸೈಕಲ್ ಟ್ಯೂಬನ್ನು ವೀಳ್ಯದೆಲೆಯ ಹಾಗೆ ಕತ್ತರಿಸಿ, ಸಲ್ಯೂಷನ್ ಬಳಿದು, ತೂತಿನ ಮೇಲೆ ಒತ್ತಿ ಹಿಡಿದ. ಹಿಡಿದಷ್ಟು ಹೊತ್ತೂ ಅವಳನ್ನೇ ನೋಡಿದ.

"ಇನ್ನು ಇದು ನಿಮ್ದೇ. ಕೊಳ ತೋಡೋವರೆಗೂ ಇಲ್ಲೇ ಇಟ್ಟಿರ್ತೀನಿ, ಬೇರೆಯವ್ರಿಗೆ ಕೊಡಲ್ಲ."

ಆಮೇಲೆ ಅಂಗಡಿಯಲ್ಲಿ ಅವನ ಜೊತೆ ಮಾತಾಡುತ್ತ ನಿಂತು ಗುಬ್ಬಿ ಬಸ್ಸು ತಪ್ಪಿಸಿಕೊಳ್ಳುವುದೇ ಅವಳಿಗೆ ಚಟವಾಯಿತು. ತಾವರೆ ಅರಳಿದಾಗ ಅಪ್ಪನೊಂದಿಗೆ ಹೆಣ್ಣು ಕೇಳಲು ಬರುತ್ತೇನೆಂದ. ಅದನ್ನೇ ನಂಬಿ ರೇವಮ್ಮ ಹೆಬ್ಬೂರಿನ ಸಂಬಂಧವನ್ನು ಬೇಡವೆಂದಳು. ಕೊಳಕ್ಕೆ ಮಾತ್ರ ಬಂದದ್ದು ಬಿಳಿ ಪ್ಲಾಸ್ಟಿಕ್.

"ಆ ಶೀಟನ್ನ ಓನರ್ ಮಾರ್ಬಿಟ್ರು ಕಣೇ. ಸದ್ಯಕ್ಕೆ ಇದಿರ್ಲಿ," ಎಂದು ತಾನೇ ಹಾಸಿದ.

ಬೇಸಿಗೆಯಲ್ಲಿ ಅದು ಬಿರಿದು ನೀರೆಲ್ಲ ಇಂಗಿತು. ಅವನು ಬರುವುದೂ ಕಡಿಮೆಯಾಯಿತು. ಪಾಪ, ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು ಎಂದುಕೊಂಡಳು ಹುಚ್ಚಿ.

ಸ್ಕೂಲಿನ ನರಸಿಂಹಮ್ಮ ಟೀಚರ್ ತನ್ನ ಅಕ್ಕನ ಗೃಹಪ್ರವೇಶಕ್ಕೆಂದು ಅವಳನ್ನು ಕುಣಿಗಲ್ಲಿಗೆ ಕರೆದೊಯ್ದಳು. ಅಂಗಳದಲ್ಲಿ ಅರ್ಧ ತುಂಬಿದ ಹೊಸ ಕೊಳ. ನೀರಿಗಿಂತ ತುಸು ಮೇಲೆ, ಕರಿ ರಬ್ಬರಿನ ಮೇಲೆ, ಅದೇ ವೀಳ್ಯದೆಲೆ. ಪಂಚೆ ಎತ್ತಿ ಕಟ್ಟಿ ನೀರು ಬಿಡುತ್ತಿದ್ದವನು ಶಿವರಾಮು.

"ನಮ್ಮಕ್ಕನಿಗೆ ಅಳಿಯ ಆಗೋನು," ಎಂದು ಹೇಳಿ ನರಸಿಂಹಮ್ಮ ಒಳಗೆ ಹೋದಳು.

ರೇವಮ್ಮ ಕೊಳದ ಅಂಚಿಗೆ ಬಂದಳು.

"ಅಪ್ಪ ಮಾತು ಕೊಟ್ಬಿಟ್ಟವ್ರೆ ರೇವಾ. ನಾನೇನ್ ಮಾಡ್ಲಿ?"

"ಮದ್ವೆ ಗೊತ್ತು ಮಾಡಿದ್ದು ನಿಮ್ಮಪ್ಪ. ಈ ಶೀಟು ತಂದು ಹಾಸಿದ್ದು ಯಾರು?"

ಅಪ್ಪನಿಗೆ ಹೆದರಿದ್ದನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ. ಆ ಎಲೆಯನ್ನು ಇನ್ನೊಬ್ಬಳ ಮನೆಗೆ ಕೊಟ್ಟದ್ದನ್ನು ಹೇಗೆ ಕ್ಷಮಿಸುವುದು?

ಅವಳ ಕೈ ತಲೆಯ ಪಿನ್ನಿಗೆ ಹೋಯಿತು. ಅಷ್ಟರಲ್ಲಿ ಮದುವೆಯ ಹುಡುಗಿ ಮಂಜುಳ ಕಾಫಿ ತಂದಳು, ಮುಖದ ತುಂಬ ನಗು.

"ನಿಮ್ಮನೇಲೂ ಕೊಳ ಇದೆಯಂತೆ ಟೀಚರ್, ಚಿಕ್ಕಮ್ಮ ಹೇಳಿದ್ರು. ನೀರು ಚೆನ್ನಾಗಿ ನಿಲ್ಲುತ್ತಾ?"

ರೇವಮ್ಮ ಕೈ ಇಳಿಸಿದಳು.

"ನಿಲ್ಲಲಿಲ್ಲ ಕಣಮ್ಮ. ಬೇರೆಯವರ ಕೈಲಿ ಹಾಸಿಸಿದ್ದೆ. ಈ ಸಲ ಕೆರೆಯ ಜೇಡಿಮಣ್ಣು ತರಿಸಿ, ನಾನೇ ತುಳಿದು ಮೆತ್ತುತೀನಿ."

ಬಸ್ಸು ಕುಣಿಗಲ್ಲು ದಾಟಿದ ಮೇಲೆ ಪಿನ್ನು ಕಿತ್ತು ಕಿಟಕಿಯಾಚೆ ಎಸೆದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.