ಹಬೆ ಕುಡಿಯುತ್ತಿದ್ದ ಧೂಮಕರ್ಣ

ಬಹಳ ಹಿಂದೆ, ಕಲ್ಲುಗಳಿಗೂ ಬಾಯಿದ್ದ ಕಾಲದಲ್ಲಿ, ತಾಮ್ರಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದ ಐಶ್ವರ್ಯವೆಲ್ಲ ಕಡುಗಲ್ಲು ಬೆಟ್ಟದ ತುದಿಯ ತಾಮ್ರದ ಗಣಿಯಲ್ಲಿತ್ತು. ಉಗಿಬಂಡಿಗಳು ಅಕ್ಕಿ, ಜೋಳ ಹೊತ್ತು ಬೆಟ್ಟ ಹತ್ತುತ್ತಿದ್ದವು. ಅದಿರು ಹೊತ್ತು ಇಳಿಯುತ್ತಿದ್ದವು.

ಹೀಗಿರುವಾಗ ಕಣಿವೆಯ ಬಾಯಲ್ಲಿ ಧೂಮಕರ್ಣನೆಂಬ ಮಾಂತ್ರಿಕ ಬಂದು ಕುಳಿತ. ಅವನ ಊಟ ಹಬೆ. ಎಂಜಿನ್ನು ಕೆಲಸ ಮುಗಿಸಿ ಹೊರಗೆ ಬಿಡುವ ಬಿಸಿ ಹಬೆಯನ್ನು ಹೊಗೆಗೂಡಿಗೇ ಬಾಯಿಟ್ಟು ಗಟಗಟನೆ ಕುಡಿಯುತ್ತಿದ್ದ. ಕುಡಿದಷ್ಟೂ ಊದಿಕೊಳ್ಳುತ್ತಿದ್ದ. ಕೊನೆಗೆ ಅವನ ಹೊಟ್ಟೆಯೇ ಕಣಿವೆಯನ್ನು ತುಂಬಿಕೊಂಡಿತು. ಆ ಹೊಟ್ಟೆಯಿಂದ ಒಮ್ಮೆ ದೂಡಿದನೆಂದರೆ ಬಂಡಿ ಜರ್ರನೆ ಹಿಂದಕ್ಕೆ ಜಾರಿ ರಾಜಧಾನಿ ಸೇರುತ್ತಿತ್ತು. ಎದುರು ಮಾತನಾಡಿದ ಚಾಲಕರನ್ನು ಮೈಲಿಗಲ್ಲು ಮಾಡಿ ಹಳಿಯ ಪಕ್ಕ ನೆಡುತ್ತಿದ್ದ.

ಮೇಲೆ ಗಣಿಯಲ್ಲಿ ಅಕ್ಕಿ ಮುಗಿಯುತ್ತ ಬಂತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಮಾರೆಪ್ಪನೂ ಒಬ್ಬ. ಅವನ ಹೆಂಡತಿ ನೀಲವ್ವ ರಾಜನ ಎಂಜಿನ್ನುಗಳನ್ನು ಕಟ್ಟುವವಳು. ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕಣ್ಣು ಮಿಟುಕಿಸದೆ ಕುಳಿತಿದ್ದನ್ನು ಕಂಡು ಅತ್ತೆ ಹುಲಿಗೆವ್ವ ರೇಗಿದಳು.

"ಏನೇ ನೀಲೂ, ನನ್ನ ಮಗ ಅಲ್ಲಿ ಉಪವಾಸ ಇದ್ದಾನೆ. ನೀನು ಇಲ್ಲಿ ಸಾರು ಕುದಿಯೋದನ್ನು ನೋಡ್ತಾ ಕೂತಿದ್ದೀಯಲ್ಲ!"

ನೀಲವ್ವ ನೋಡುತ್ತಿದ್ದುದು ಕೊಡಿಒಲೆಯನ್ನು. ಮುಂದಿನ ಒಲೆಯಲ್ಲಿ ಅನ್ನ ಬೇಯುತ್ತಿತ್ತು. ಅಲ್ಲಿ ಮಿಕ್ಕ ಉರಿ ಹಿಂದಕ್ಕೆ ಹರಿದು ಕೊಡಿಒಲೆಯ ಮೇಲಿನ ಸಾರನ್ನು ಕುದಿಸುತ್ತಿತ್ತು.

"ಅತ್ತೇ, ನಮ್ಮ ಎಂಜಿನ್ನುಗಳು ಹಬೆಯನ್ನು ಒಂದೇ ಸಲ ದುಡಿಸಿ ಹೊರಗೆ ಬಿಡ್ತವೆ. ಅದರಲ್ಲಿ ಇನ್ನೂ ಕಸುವಿರುತ್ತೆ. ಅದನ್ನೇ ಕುಡಿದು ಆ ಪಾಪಿ ಕೊಬ್ಬಿದ್ದಾನೆ. ಎರಡು ಸಲ ದುಡಿಸಿಬಿಟ್ಟರೆ?"

"ದುಡಿಸು. ಯಾರು ಬೇಡ ಅಂದರು? ನನ್ನನ್ನು ದುಡಿಸುವಾಗ ನೀನು ಲೆಕ್ಕ ಇಟ್ಟಿದ್ದೀಯಾ?"

ನೀಲವ್ವ ರಾಜನ ಬಳಿ ಹೋಗಿ ಕಬ್ಬಿಣ ಕೇಳಿದಳು. ರಾಜ ಉದಯಾದಿತ್ಯ ಕೋಟೆಯ ಬಾಗಿಲನ್ನೇ ಕಿತ್ತು ಕೊಟ್ಟ. "ಜನ ಹಸಿದಿರುವಾಗ ನನಗೇಕಮ್ಮ ಬಾಗಿಲು?" ಎಂದ. ಅವಳು ಕಟ್ಟಿದ ಎಂಜಿನ್ನಿಗೆ ಎರಡು ಸಿಲಿಂಡರುಗಳು. ಹಬೆ ಮೊದಲು ಚಿಕ್ಕದರಲ್ಲಿ ಬುಸುಗುಟ್ಟಿ ಚಕ್ರ ತಳ್ಳುತ್ತಿತ್ತು. ಆಮೇಲೆ ದೊಡ್ಡದಕ್ಕೆ ನುಗ್ಗಿ ಉಳಿದ ಶಕ್ತಿಯಿಂದ ಇನ್ನೊಮ್ಮೆ ತಳ್ಳುತ್ತಿತ್ತು. ಅದರ ಭಾರಕ್ಕೆ ಹಳಿಗಳು ಮುಲುಗಿದವು. ರಾಜ ಅದನ್ನೊಂದು ಸುತ್ತು ಬರಲು ಹೊರಟವನು ಅರ್ಧದಲ್ಲೇ ಸುಸ್ತಾಗಿ ಪಲ್ಲಕ್ಕಿ ತರಿಸಿಕೊಂಡ.

ಕಲ್ಲಿದ್ದಲು ಎತ್ತಿ ಹಾಕಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಮೈಲಿಗಲ್ಲಾಗಲು ಯಾರಿಗೆ ಆಸೆ? ಹುಲಿಗೆವ್ವ ಸೆರಗು ಬಿಗಿದು ಸಲಿಕೆ ಹಿಡಿದಳು. "ಹುಟ್ಟಿದಾಗಿನಿಂದ ಒಲೆ ಉರಿಸಿದ್ದೀನಿ. ಇದೂ ಒಲೆಯೇ ತಾನೇ? ನಡಿ."

ಅಕ್ಕಿಮೂಟೆ ತುಂಬಿದ ಉದ್ದನೆಯ ಬಂಡಿ ಹೊರಟಿತು. ಮೊದಲ ತಿರುವಿನಲ್ಲಿ, ಧೂಮಕರ್ಣ ಮಂತ್ರ ಹಾಕಿ ಕೂರಿಸಿದ್ದ ಕಲ್ಲುಗೂಳಿ ಹಳಿಯ ಮೇಲೆ ಮಲಗಿತ್ತು.

"ನನ್ನನ್ನು ಕದಲಿಸುವವರು ಇದುವರೆಗೂ ಹುಟ್ಟಿಲ್ಲ," ಎಂದಿತು ಗೂಳಿ.

ನೀಲವ್ವ ಎಂಜಿನ್ನನ್ನು ಮೆಲ್ಲಗೆ ತಂದು ಅದರ ಬೆನ್ನಿಗೆ ಒತ್ತಿದಳು. ಗೂಳಿ ಗರಗರನೆ ಮುಂದಕ್ಕೆ ಸರಿಯಿತು. ಎಂಜಿನ್ನಿನ ಮುಂದಿನ ಕಬ್ಬಿಣದ ಹಲ್ಲುಗಳು ಬೆನ್ನನ್ನು ಕೆರೆದೊಡನೆ ಅದು ಕಣ್ಣು ಮುಚ್ಚಿತು.

"ಅಹಹಾ! ಅಲ್ಲೇ, ಸ್ವಲ್ಪ ಎಡಕ್ಕೆ. ಎಷ್ಟು ಕಾಲದ ತುರಿಕೆ ತಾಯೀ!" ಎನ್ನುತ್ತ ತಾನಾಗಿಯೇ ಪಕ್ಕಕ್ಕೆ ಹೊರಳಿ ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ಮಾಯಾಕಪ್ಪೆಗಳು ಹಳಿಯ ಉದ್ದಕ್ಕೂ ಕುಳಿತು ಎಣ್ಣೆ ಉಗುಳುತ್ತಿದ್ದವು. ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ಬಂಡಿ ಹಿಂದೆ ಜಾರತೊಡಗಿತು.

"ಅತ್ತೇ, ಹೋಯಿತು! ಜಾರುತ್ತಿದೆ!"

"ಮೀನು ಹೆಚ್ಚುವಾಗ ಕೈ ಜಾರಿದರೆ ಏನು ಮಾಡ್ತೀಯೇ? ಕೂಗ್ತಾ ಕೂರ್ತೀಯಾ?" ಎಂದವಳೇ ಹುಲಿಗೆವ್ವ ಒಲೆಯ ಬೂದಿಯನ್ನು ಗೋರಿ ಗೋರಿ ಹಳಿಗೆ ಚೆಲ್ಲಿದಳು. ಚಕ್ರ ಕಚ್ಚಿ ಹಿಡಿಯಿತು. ಕಪ್ಪೆಗಳು ಸೀನುತ್ತ ಚದುರಿದವು.

ಮೂರನೆಯ ತಿರುವಿನಲ್ಲಿ ಧೂಮಕರ್ಣನೇ ಕುಳಿತಿದ್ದ. "ಬಂತು ಬಂತು, ಹಬ್ಬದೂಟ!" ಎಂದು ಹೊಟ್ಟೆ ಅಡ್ಡಹಾಕಿ ಹೊಗೆಗೂಡಿಗೆ ಬಾಯಿಟ್ಟ. ಒಂದು ಗುಟುಕು ಹೀರಿ ಮುಖ ಹುಳ್ಳಗೆ ಮಾಡಿದ.

"ಥೂ! ಇದೇನಿದು, ಬರೀ ನೀರು ಬೆರೆಸಿದ ಸಾರು?"

"ಇನ್ನೂ ಹೀರು ಸ್ವಾಮೀ, ರುಚಿ ಅಡಿಯಲ್ಲಿದೆ," ಎಂದಳು ನೀಲವ್ವ.

ಅವನು ನಂಬಿ ಇನ್ನೂ ಜೋರಾಗಿ ಹೀರಿದ. ಅವನು ಮೇಲಿನಿಂದ ಎಳೆದಷ್ಟೂ ಕೆಳಗೆ ಗಾಳಿ ನುಗ್ಗಿ ಬೆಂಕಿ ಧಗಧಗಿಸಿತು.

"ನೀಲೂ, ನೋಡೇ! ಬೆಂಕಿ ಊದೋ ಕೆಲಸ ಇವನೇ ಮಾಡ್ತಿದ್ದಾನೆ. ನಿನಗಿಂತ ವಾಸಿ!"

ಎಂಜಿನ್ನು ಹೂಂಕರಿಸಿ ಮುಂದೆ ನುಗ್ಗಿತು. ಕಸುವಿಲ್ಲದ ಹಬೆಯನ್ನು ಹೀರಿ ಹೀರಿ ಧೂಮಕರ್ಣನ ದಮ್ಮೇ ಸೋರಿಹೋಯಿತು. ಹೊಟ್ಟೆ ಜೋತುಬಿತ್ತು, ಸುಕ್ಕಾಯಿತು, ಮಾಯವಾಯಿತು. ಕೊನೆಗೆ ಹೊಗೆಗೂಡಿಗೆ ಜೋತುಬಿದ್ದಿದ್ದವನು ಒಬ್ಬ ನರಪೇತಲ ಮುದುಕ. ಮಂತ್ರ ಮುರಿದೊಡನೆ ಮೈಲಿಗಲ್ಲುಗಳೆಲ್ಲ ಮನುಷ್ಯರಾಗಿ, ಅರ್ಧಕ್ಕೆ ನಿಂತಿದ್ದ ಬೈಗುಳವನ್ನು ಅಲ್ಲಿಂದಲೇ ಮುಂದುವರಿಸಿದರು.

"ಅವ್ವಾ, ಒಂದು ತುತ್ತು ಅನ್ನ ಇದ್ದರೆ..." ಎಂದ ಮುದುಕ.

"ಮೊದಲು ಕೆಳಗಿಳಿ. ಮುಖ ತೊಳಿ," ಎಂದಳು ಹುಲಿಗೆವ್ವ. ಆಮೇಲೆ ಅವನು ಗಣಿಯ ಕುಲುಮೆಯಲ್ಲಿ ತಿದಿ ಒತ್ತುತ್ತ, ಎಲ್ಲರ ಹಾಗೆ ಅನ್ನ ಉಂಡುಕೊಂಡಿದ್ದ.

ಬೆಟ್ಟದ ತುದಿಯಲ್ಲಿ ಜನ ಓಡೋಡಿ ಬಂದರು. ಮುಂದೆ ಬಂದವನು ಮಾರೆಪ್ಪ, ಪಕ್ಕೆಲುಬುಗಳು ಕಾಣುತ್ತಿದ್ದವು. ಹುಲಿಗೆವ್ವ ಸಲಿಕೆ ಕೆಳಗಿಟ್ಟು ಮಸಿಯ ಅಂಗೈಗಳಿಂದ ಮಗನ ಎರಡು ಕೆನ್ನೆಗಳನ್ನೂ ಹಿಡಿದಳು. ಮತ್ತೆ ಮತ್ತೆ ಸವರಿದಳು.

ಮಾರೆಪ್ಪ ಗಾಬರಿಯಾದ. "ನೀಲೂ, ಅವ್ವ ಯಾಕೆ ಬೈತಾ ಇಲ್ಲ? ಮೈ ಹುಷಾರಿಲ್ವಾ?"

"ಸುಮ್ಮನಿರಿ," ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ. "ಅನ್ನ ಬೇಯಲಿ. ಶುರು ಮಾಡ್ತಾರೆ."

ಅನ್ನ ಬೆಂದಿತು. ಹುಲಿಗೆವ್ವ ಶುರು ಮಾಡಿದಳು. ಆ ಬೈಗುಳದ ಸುಖದಲ್ಲಿ ಬೆಟ್ಟದವರೂ ಬಯಲಿನವರೂ ಹೊಟ್ಟೆ ತುಂಬ ಉಂಡು ಬಹುಕಾಲ ನೆಮ್ಮದಿಯಾಗಿ ಬಾಳಿದರು.