ಎರಡು ಕಿಲೋ ಜಾಸ್ತಿ

"ಬಿಡ್ರೀ ಆ ಹುಡುಗೀನ! ಬಿಡ್ರೀ ಅಂದ್ರ!"

ಅನುಪಮಾ ಕೂಗಿದ ಕೂಗಿಗೆ ರೈಸ್‌ಮಿಲ್ಲಿನ ಹಿಂದಿನ ಬಯಲು ಒಮ್ಮೆಲೇ ಗಪ್‌ಚುಪ್ಪಾಯಿತು.

ಏಳು ಹುಡುಗಿಯರು ಒಬ್ಬರ ಮೇಲೊಬ್ಬರು ಮಣ್ಣಿನಲ್ಲಿ ಬಿದ್ದಿದ್ದರು. ಎಲ್ಲರಿಗಿಂತ ಕೆಳಗೆ ಮೇಘಾ! ಒಬ್ಬ ಎತ್ತರದ ಗಂಡಸು ಅವಳ ರಟ್ಟೆ ಹಿಡಿದು ಮೇಲೆಳೆಯುತ್ತಿದ್ದ. ಅಷ್ಟು ಕಂಡದ್ದೇ ಸಾಕಾಯಿತು, ಚಪ್ಪಲಿ ಎಲ್ಲಿ ಬಿತ್ತೆಂಬ ಖಬರೂ ಇಲ್ಲದೆ ಅನುಪಮಾ ಓಡಿ ಬಂದಿದ್ದಳು.

"ಏನೂ ಆಗಿಲ್ರೀ ಮೇಡಂ," ಅವನು ಎರಡೂ ಕೈ ಮೇಲೆತ್ತಿದ. "ಇದು ಕಬಡ್ಡಿ. ಬೀಳೂದು, ಏಳೂದು ಇದ್ದದ್ದ."

"ನಿಮಗ ಇದ್ದದ್ದ! ನನಗ ಇರಾಕಿ ಈಕಿ ಒಬ್ಬಾಕಿ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ನಾಚಿಕೆಯಾಯಿತು. ಗುರುತಿಲ್ಲದ ಗಂಡಸಿನ ಮುಂದೆ ಕಣ್ಣಲ್ಲಿ ನೀರು ಬೇರೆ! ಅವನು ಮಾತ್ರ ನಗಲಿಲ್ಲ. ಮೇಘಾಳ ಮೊಣಕಾಲಿನ ಮಣ್ಣು ಒರೆಸಿ ತೋರಿಸಿದ. ಒಂದು ಗೀರೂ ಇರಲಿಲ್ಲ.

"ಚಿಗವ್ವ, ಇವರು ಹುಲಿಗೇಶ್ ಸರ್. ಸಾಲಿ ಪಿ.ಟಿ. ಮಾಸ್ತರ," ಮೇಘಾ ಏದುಸಿರಿನಲ್ಲೇ ಹೇಳಿದಳು. "ನೀ ಮೂರು ಐತವಾರ ಹುಡುಕಿದ್ರೂ ಗ್ರೌಂಡ್ ಸಿಗಲಿಲ್ಲ. ನನಗ ಸಾಲಿಂದ ಬರೂವಾಗ ಹಂಗ ಸಿಕ್ತು ನೋಡು!"

ಹುಡುಕಿದ್ದು ನಿಜ. ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದು ಎರಡು ತಿಂಗಳಾಗಿತ್ತು. ಅನುಪಮಾಗೆ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಊರ ಹೊರಗಿನ ಹೊಸ ಲೇಔಟಿನಲ್ಲಿ ಬಾಡಿಗೆ ಮನೆ. ಲೇಔಟಿನ ನಕ್ಷೆಯಲ್ಲಿ 'ಆಟದ ಮೈದಾನ' ಎಂದು ಹಸಿರು ಬಳಿದಿದ್ದ ಜಾಗಕ್ಕೆ ಹೋದರೆ ಜಾಲಿಗಿಡ, ಒಡೆದ ಇಟ್ಟಿಗೆ. ಇನ್ನೊಂದು ಮೈದಾನದಲ್ಲಿ ದೊಡ್ಡ ಹುಡುಗರ ಕ್ರಿಕೆಟ್, ಚೆಂಡು ತಲೆಗೆ ಬಡಿದರೇನು ಗತಿ? ಲೇಔಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರೆ ಹದಿನಾರು ಜನ ಕೈಮುಗಿದ ಚಿತ್ರ ಕಳಿಸಿದರು, ಜಾಗ ಮಾತ್ರ ಯಾರೂ ಹೇಳಲಿಲ್ಲ.

ಖರೇ ಹೇಳಬೇಕೆಂದರೆ, ಪ್ರತಿ ಸಲ ಜಾಗ ಸಿಗದೆ ವಾಪಸು ಬರುವಾಗ ಅನುಪಮಾಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಆಟ ಇಲ್ಲ, ಪೆಟ್ಟೂ ಇಲ್ಲ!

ಮೇಘಾ ಅವಳ ಅಕ್ಕ ಅಂಜಲಿಯ ಮಗಳು. ನಾಲ್ಕು ವರ್ಷದ ಹಿಂದೆ ಅಂಜಲಿ ಊಟ ಬಿಟ್ಟಿದ್ದಳು. ಗಂಡನ ಮೇಲಿನ ಸಿಟ್ಟಿಗೆ ಉಣ್ಣುತ್ತಿಲ್ಲ ಎಂದುಕೊಂಡರು ಎಲ್ಲರೂ. ಕಣ್ಣು ಹಳದಿಯಾದಾಗ ದವಾಖಾನೆಗೆ ಓಡಿದರು. ಆಗ ಕಾಲ ಮೀರಿತ್ತು, ಇಪ್ಪತ್ತು ದಿನಕ್ಕೆ ಹೋಗಿಬಿಟ್ಟಳು. ಮೇಘಾಳ ಅಪ್ಪ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ, ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಅನುಪಮಾ ಮತ್ತು ಅವಳ ತಾಯಿ ಪಕೀರಮ್ಮನೇ ಈ ಹುಡುಗಿಗೆ ಅಪ್ಪ, ಅವ್ವ ಎಲ್ಲ.

ಅಂದಿನಿಂದಲೇ ಅನುಪಮಾಳ ಎದೆಯಲ್ಲಿ ಒಂದು ಅಂಜಿಕೆ ಮನೆ ಮಾಡಿತ್ತು. ಹಗಲೂ ಬಿಡದು, ಇರುಳೂ ಬಿಡದು.

"ಸಂಜೀಕೊಮ್ಮೆ ಬಂದು ನೀವ ಕುಂತು ನೋಡ್ರಿ," ಹುಲಿಗೇಶ ಮೆಲ್ಲಗೆ ಅಂದ. "ನಿಮಗ ಸರಿ ಕಾಣಲಿಲ್ಲಂದ್ರ ಕರಕೊಂಡು ಹೋಗ್ರಿ. ನಾ ಏನೂ ಅನ್ನಂಗಿಲ್ಲ."

ಆ ದನಿಯಲ್ಲಿ ಏನಿತ್ತೋ... ಅನುಪಮಾ ಬೇಡ ಎನ್ನಲಾರದೆ ಹೋದಳು.

ದಿನಾ ಸಂಜೆ ಬಂದು ಕೂತಳು. ಮೂರನೇ ದಿನ ಅವಳಿಗೆಂದೇ ಮಿಲ್ಲಿನಿಂದ ಒಂದು ಕುರ್ಚಿ ಬಂತು. ಮೇಘಾ ಗೆರೆ ದಾಟಿ ಎದುರಾಳಿಗಳ ಕಡೆ ನುಗ್ಗಿದಾಗಲೆಲ್ಲ ಅನುಪಮಾ ಸೆರಗಿನ ತುದಿ ಹಿಂಡುತ್ತಿದ್ದಳು.

"ಉಸಿರು ಬಿಡ್ರೀ ಮೇಡಂ," ಒಂದು ದಿನ ಅವನು ಹಿಂದಿನಿಂದ ಅಂದ. "ಕಬಡ್ಡಿ ಕಬಡ್ಡಿ ಅನ್ನಾಕಿ ಆಕಿ, ಉಸಿರು ಹಿಡಿದಾಕಿ ನೀವು!"

ಎಷ್ಟು ವರ್ಷದ ಮೇಲೆ ನಕ್ಕಳೋ ಅನುಪಮಾ! ನಕ್ಕ ಮರುಕ್ಷಣವೇ ಹೆದರಿಕೆಯಾಯಿತು. 'ಬ್ಯಾಡ... ಇವರನ್ನ ಹಚ್ಚಿಕೊಂಡ್ರ ಇವರದೂ ಚಿಂತಿ ಶುರು ಆಗ್ತೈತಿ. ನನ್ನ ಕಡೆ ಅಷ್ಟು ಧೈರ್ಯ ಇಲ್ಲ.'

ಆದರೂ ಮರುದಿನ ಸಂಜೆ ಐದಕ್ಕೇ ತಲೆ ಬಾಚಿಕೊಂಡು ಕೂತಿದ್ದಳು. ಪಕೀರಮ್ಮ ಕಂಡೂ ಕಾಣದಂತೆ ನಕ್ಕಳು.

ಸಾಲಿಗೆ ರಜೆ ಬಂತು. ಮೇ ತಿಂಗಳಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿನ ಹುಡುಗಿಯರಿಗೆ ಕಬಡ್ಡಿ ಲೀಗ್ ಎಂದು ಗೊತ್ತಾಯಿತು. ಮೊದಲ ಪಂದ್ಯ ಮಸ್ಕಿಯಲ್ಲಿ. ಮೂವತ್ತೈದು ಕಿಲೋ ಒಳಗಿನವರದು ಸಣ್ಣವರ ಟೀಮು, ಅದಕ್ಕೂ ಮೇಲಿನವರದು ದೊಡ್ಡವರ ಟೀಮು. ಭತ್ತದ ಚೀಲ ತೂಗುವ ಮಿಲ್ಲಿನ ಕಾಟಾದ ಮೇಲೆ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹುಲಿಗೇಶ ಚೀಟಿಯಲ್ಲಿ ಬರೆದುಕೊಂಡ. ಆ ದಿನ ಅನುಪಮಾ ಡ್ಯೂಟಿಯಲ್ಲಿದ್ದಳು.

ಆ ವಾರದಿಂದಲೇ ಮೇಘಾ ಊಟ ಬಿಟ್ಟಳು.

"ಹಸಿವಿಲ್ಲ ಚಿಗವ್ವ." "ಗೆಳತಿ ಮನ್ಯಾಗ ಉಂಡೆ ಚಿಗವ್ವ." ಒಂದು ಮುಂಜಾನೆ ದಿಂಬಿನ ಕೆಳಗೆ ಒಣಗಿದ ಎರಡು ರೊಟ್ಟಿ ಸಿಕ್ಕವು.

ಅಂಜಲಿಯದೂ ಹೀಗೇ ಶುರುವಾಗಿತ್ತು. ಹೀಗೇ!

ರಾತ್ರಿ ಎದ್ದೆದ್ದು ಹುಡುಗಿಯ ಕಣ್ಣೆವೆ ಬಿಡಿಸಿ ಹಳದಿಯಾಗಿದೆಯೇ ಎಂದು ನೋಡಿದಳು. ಕೈಯಾರೆ ರಕ್ತ ತೆಗೆದು ಪರೀಕ್ಷೆ ಮಾಡಿದಳು. ಎಲ್ಲ ಸರಿಯಿತ್ತು. ನಂಬಲಿಲ್ಲ. ಎರಡು ದಿನ ಬಿಟ್ಟು ಮತ್ತೆ ತೆಗೆದಳು.

"ಸುಮ್ಕ ಚುಚ್ಚಿ ಚುಚ್ಚಿ ಕೂಸಿನ ಜೀವಾ ತಿನ್ನಬ್ಯಾಡ," ಪಕೀರಮ್ಮ ಗದರಿದಳು. ಗದರಿದ ದನಿಯೂ ನಡುಗುತ್ತಿತ್ತು.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿ ಎರಡನೇ ವರದಿ ಕೈಗೆ ಬಂತು. ಇದೂ ಸರಿಯಿತ್ತು! ಅನುಪಮಾ ದೇವರಿಗೆ ಕೈಮುಗಿಯುವಷ್ಟರಲ್ಲಿ ಹೊರಗೆ ಗದ್ದಲ.

"ಜಲ್ದಿ ಸ್ಟ್ರೆಚರ್ ತರ್ರಿ! ಜಲ್ದಿ!"

ಗುರುತಿನ ದನಿ... ಅನುಪಮಾ ಬಾಗಿಲಿಗೆ ಬಂದಳು. ಆಟೋದಿಂದ ಹುಲಿಗೇಶ ಇಳಿಯುತ್ತಿದ್ದ. ಅವನ ತೋಳಲ್ಲಿ ಮೇಘಾ. ತಲೆ ಹಿಂದಕ್ಕೆ ಜೋತುಬಿದ್ದಿತ್ತು. ಇಬ್ಬರ ಮೈಯಿಂದಲೂ ನೀರು ಸೋರುತ್ತಿತ್ತು.

"ಮೇಘಾ..." ಅನ್ನುತ್ತ ಸ್ಟ್ರೆಚರಿನ ಹಿಂದೆ ಓಡಿದಳು.

ನರ್ಸ್ ಬಿಬಿಜಾನ್ ಹುಡುಗಿಯ ಮೈಮೇಲಿನ ಬಟ್ಟೆ ಕತ್ತರಿಸತೊಡಗಿದಳು. ಮೇಲೆ ಪ್ಲಾಸ್ಟಿಕ್ಕಿನ ರೇನ್‌ಕೋಟು. ಅದರೊಳಗೆ ಸ್ವೆಟರು. ಅದರೊಳಗೆ ಇನ್ನೊಂದು ಸ್ವೆಟರು. ಮೇ ತಿಂಗಳ ಸಿಂಧನೂರಿನ ಬಿಸಿಲಿನಲ್ಲಿ!

"ಯಾ ಅಲ್ಲಾ... ಮೈ ಸುಡಾಕತ್ತೈತಿ! ಐಸ್ ತರ್ರಿ!"

ಕತ್ತರಿಸಿದ ಸ್ವೆಟರಿನ ಜೇಬಿನಿಂದ ಒದ್ದೆಯಾದ ಚೀಟಿಯೊಂದು ಬಿತ್ತು. ಅನುಪಮಾ ಎತ್ತಿಕೊಂಡಳು. ಹುಡುಗಿಯರ ಹೆಸರು, ಮುಂದೆ ತೂಕ. ಮೇಘಾಳ ಹೆಸರಿನ ಮುಂದೆ ಮೂವತ್ತೇಳು. ಪಕ್ಕದಲ್ಲಿ ಎರಡು ಗೆರೆ ಎಳೆದು ಬರೆದಿತ್ತು: 'ಎರಡು ಕಿಲೋ ಜಾಸ್ತಿ'.

"ಇದು ನಿಮ್ಮ ಅಕ್ಷರ ಏನ್ರಿ?"

ಹುಲಿಗೇಶ ನೋಡಿದ. ಮುಖ ಬಿಳಿಚಿಕೊಂಡಿತು.

"ಹೌದ್ರಿ... ನಂದ."

"ಒಂದು ಕಪ್ಪಿನ ಆಸೆಗೆ ನನ್ನ ಮಗಳನ್ನ ಬಿಸಿಲಾಗ ಹುರದ್ರೀ! ನೀವು ಒಳ್ಳೇರು ಅಂತ ನಂಬಿದ್ನಲ್ಲ... ನನ್ನ ಕಣ್ಣ ಮುಂದ ನಿಂದ್ರಬ್ಯಾಡ್ರಿ! ಹೋಗ್ರಿ!"

ಅವನು ತಲೆ ತಗ್ಗಿಸಿ ಹೊರಗೆ ನಡೆದ.

ಆ ಮೂರು ತಾಸು ಅನುಪಮಾ ಬದುಕಿದ್ದಳು ಅನ್ನುವುದೇ ಸುಳ್ಳು. ಜ್ವರ ನೂರಾ ಐದು. ಸಲೈನ್ ಹನಿ ಬೀಳುವುದನ್ನು ನೋಡುತ್ತ ಕೂತಳು. ಒಂದು ಹನಿ ತಡವಾದರೂ ಜೀವ ಬಾಯಿಗೆ ಬರುತ್ತಿತ್ತು. 'ಅಕ್ಕಾ, ನಿನ್ನ ಮಗಳನ್ನ ಕರಕೋಬ್ಯಾಡ... ನಾ ಇನ್ನೇನೂ ಕೇಳಂಗಿಲ್ಲ. ಇಷ್ಟು ಬಿಟ್ಟುಕೊಡು.' ಪಕೀರಮ್ಮ ಮೂಲೆಯಲ್ಲಿ ಕೂತು ಮೊಮ್ಮಗಳ ಪಾದ ಒತ್ತುತ್ತಿದ್ದಳು.

ನಾಲ್ಕೂವರೆಗೆ ಡಾಕ್ಟರು ಬಂದು ನೋಡಿದರು. "ಜ್ವರ ಇಳಿದಿದೆ. ಅಪಾಯ ಇಲ್ಲ. ದಾರಿಯುದ್ದಕ್ಕೂ ನೀರು ಸುರಿದು ತಂದಿದ್ದಾರೆ, ಅದೇ ಉಳಿಸಿದ್ದು. ಇನ್ನರ್ಧ ತಾಸು ಹಾಗೇ ಬಿಟ್ಟಿದ್ದರೆ ನಾನೂ ಏನೂ ಮಾಡಲಾಗುತ್ತಿರಲಿಲ್ಲ."

ಅನುಪಮಾ ಗೋಡೆ ಹಿಡಿದು ನಿಂತಳು.

ಸ್ವಲ್ಪ ಹೊತ್ತಿಗೆ ಮೇಘಾ ಕಣ್ಣು ತೆರೆದಳು. "ಚಿಗವ್ವ... ಸರ್‌ಗೆ ಬೈಬ್ಯಾಡ. ಚೀಟಿ ನಾ ಸರ್ ಪುಸ್ತಕದಾಗಿಂದ ಕದ್ದೀನಿ."

"ಮಾತಾಡಬ್ಯಾಡ ಕೂಸ, ಮಲಕೋ."

"ಸರ್ ನನ್ನ ಹೆಸರು ದೊಡ್ಡವರ ಟೀಮಿನ್ಯಾಗ ಬರದಿದ್ರು. ಹೊಟ್ಟಿ ತುಂಬ ಉಣ್ಣು ಅಂತನೂ ಹೇಳಿದ್ರು. ನಾನ ಊಟ ಬಿಟ್ಟು, ಸ್ವೆಟರ್ ಹಾಕಿ ಬೆವರು ಹರಿಸಿ ತೂಕ ಇಳಿಸಾಕ ಹೋದೆ. ಸರ್ ಗ್ರೌಂಡಿಗೆ ನೀರು ಹೊಡ್ಯಾಕ ಬಂದಾಗ ನಾ ಓಡಾಕತ್ತಿದ್ದೆ... ನೋಡಿ ಚೀರಿದ್ರು. ಆಮ್ಯಾಲೆ ನನಗ ಏನೂ ಗೊತ್ತಿಲ್ಲ."

"ಯಾಕ ಮೇಘಾ? ದೊಡ್ಡವರ ಟೀಮಿನ್ಯಾಗ ಆಡಿದ್ರ ಏನಾಗ್ತಿತ್ತು?"

ಹುಡುಗಿಯ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು.

"ನೀ ಕಳಸತಿದ್ದಿಲ್ಲ ಚಿಗವ್ವ. ದೊಡ್ಡ ಹುಡುಗೇರು ಮ್ಯಾಲೆ ಬಿದ್ರ ಪೆಟ್ಟಾಗ್ತೈತಿ ಅಂತ ಆಟಾನ ಬಿಡಿಸಿಬಿಡ್ತಿದ್ದಿ. ನೀ ಅಂಜತಿ ಅಂತ ನನಗ ಗೊತ್ತಿತ್ತು."

ಅನುಪಮಾ ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದಳು.

ಯಾವ ಅಂಜಿಕೆಯಿಂದ ಈ ಹುಡುಗಿಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳೋ, ಆ ಅಂಜಿಕೆಯೇ ಹುಡುಗಿಯನ್ನು ಸಾವಿನ ಬಾಗಿಲಿಗೆ ಅಟ್ಟಿತ್ತು! ಅಕ್ಕನಂತೆ ಊಟ ಬಿಟ್ಟಳೆಂದು ಹೆದರಿದ್ದಳಲ್ಲ... ಬಿಡಿಸಿದ್ದು ತಾನೇ. ಮೇಘಾಳ ಕೈಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಅಕ್ಕಾ," ಬಿಬಿಜಾನ್ ಅವಳ ಭುಜ ಮುಟ್ಟಿದಳು. "ಆ ಸರ್ ಮಧ್ಯಾಹ್ನದಿಂದ ಬೇವಿನ ಗಿಡದ ಕೆಳಗ ನಿಂತಾರ. ಕುಂದರ್ರಿ ಅಂದ್ರ ಕುಂದರವಲ್ರು. ನೀರು ಕೊಟ್ರ ಕುಡೀವಲ್ರು. ಹುಡುಗಿ ಹುಷಾರಾದಳಾ ಅಂತ ಹತ್ತು ಸಲ ಕೇಳ್ಯಾರ."

ಅನುಪಮಾ ಹೊರಗೆ ಬಂದಳು. ಅವಳನ್ನು ಕಂಡದ್ದೇ ಹುಲಿಗೇಶ ಎರಡು ಹೆಜ್ಜೆ ಹಿಂದೆ ಸರಿದ.

"ಕಣ್ಣು ತೆರದಾಳ್ರಿ," ಅಂದಳು.

ಅವನು ಮರಕ್ಕೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಷ್ಟೆತ್ತರದ ಗಂಡಸು... ಭುಜ ಅಲುಗುತ್ತಿತ್ತು.

"ಎಲ್ಲ ಹೇಳಿದ್ಲು. ನೀವು ಯಾಕ ಬಾಯಿ ಬಿಡಲಿಲ್ಲ? ನಾ ಅಷ್ಟು ಕೆಟ್ಟ ಮಾತಾಡಿದೆ..."

"ತಪ್ಪು ನಂದೂ ಐತ್ರಿ. ಕಾಟಾ ಮ್ಯಾಲೆ ನಿಂತಾಗ ಎಲ್ಲಾ ಹುಡುಗೇರ ಮುಂದ 'ಮೇಘಾ, ಎರಡು ಕಿಲೋ ಜಾಸ್ತಿ' ಅಂತ ಕೂಗಿ ಹೇಳಿದೆ. ಎಲ್ಲಾರೂ ನಕ್ರು, ನಾನೂ ನಕ್ಕೆ. ಆಕಿ ನಗಲಿಲ್ಲ. ಅದು ನನಗ ಇವತ್ತು ನೆನಪಾತು." ಜೇಬಿನಿಂದ ಫೋನ್ ತೆಗೆದು ತೋರಿಸಿದ. "ಲಿಂಗಸುಗೂರಿನವರಿಗೆ, ಮಸ್ಕಿಯವರಿಗೆ ಫೋನ್ ಮಾಡಿ ಹೇಳೀನಿ. ಇನ್ನು ಹುಡುಗೇರನ್ನ ತೂಗಂಗಿಲ್ಲ, ವಯಸ್ಸು ನೋಡಿ ಟೀಮು ಮಾಡೂಣು. ಒಪ್ಪಲಿಲ್ಲಂದ್ರ ನಮ್ಮ ಟೀಮು ಬರಂಗಿಲ್ಲ."

"ಒಪ್ಪಿದ್ರೇನು?"

"ಮಸ್ಕಿಯವರು ಹೂಂ ಅಂದ್ರು. ಲಿಂಗಸುಗೂರಿನವರು ನಾಳೆ ಹೇಳ್ತಾರ." ನೆಲ ನೋಡುತ್ತ ಅಂದ, "ನೀವು ಮೇಘಾನ್ನ ಇನ್ನ ಕಳಸಂಗಿಲ್ಲ. ನನಗ ಗೊತ್ತೈತಿ. ತಪ್ಪು ತಿಳಕೊಳ್ಳಂಗಿಲ್ಲ."

ಅನುಪಮಾಳ ಒಳಗಿನ ಜೀವವೆಲ್ಲ 'ಹೌದು, ಕಳಸಂಗಿಲ್ಲ' ಎಂದು ಚೀರುತ್ತಿತ್ತು. ಆದರೆ ಕಣ್ಣ ಮುಂದೆ ಆ ಎರಡು ಸ್ವೆಟರು ಬಂದವು.

"ಕಳಸ್ತೀನ್ರಿ," ಅಂದಳು. "ಡಾಕ್ಟರು ಹೂಂ ಅಂದ ಮ್ಯಾಲೆ. ಹೊಟ್ಟಿ ತುಂಬ ಉಂಡು, ದೊಡ್ಡವರ ಟೀಮು ಇರ್ಲಿ, ಯಾವುದರ ಇರ್ಲಿ... ಆಡ್ಲಿ ಆಕಿ."

ಹುಲಿಗೇಶ ಅವಳನ್ನೇ ನೋಡಿದ.

"ಇವತ್ತು ಆಟೋದಾಗ ನನಗೂ ಅಂಜಿಕಿ ಬಂತ್ರಿ. ಜೀವನದಾಗ ಅಷ್ಟು ಎಂದೂ ಅಂಜಿದ್ದಿಲ್ಲ. ಆಕಿ ಉಸಿರು ಐತೋ ಇಲ್ಲೋ ಅಂತ ನೋಡೂದು, ಅನುಪಮಾ ಮುಂದ ಹ್ಯಾಂಗ ನಿಂದ್ರಲಿ ಅಂತ ಅನಕೊಳ್ಳೂದು... ಇಬ್ಬರನ್ನೂ ಕಳಕೊಂಡ್ರ ನನಗ ಏನೂ ಉಳ್ಯಾಂಗಿಲ್ಲ ಅನ್ನಿಸಿತು. ಆಗ ಗೊತ್ತಾತು ನನಗ."

ಮೇಡಂ ಅನ್ನಲಿಲ್ಲ. ಮೊದಲ ಸಲ ಹೆಸರು ಹಿಡಿದಿದ್ದ!

ಅನುಪಮಾ ಬೇಡವೆಂದು ಬಾಗಿಲು ಹಾಕಿಕೊಂಡಿದ್ದ ಮಾತು ಎದುರಿಗೇ ಬಂದು ನಿಂತಿತ್ತು.

"ನನ್ನ ಜೋಡಿ ಇರೂದು ಕಷ್ಟ ಐತ್ರಿ," ಮೆಲ್ಲಗೆ ಅಂದಳು. "ಫೋನ್ ಎತ್ತಲಿಲ್ಲಂದ್ರ ಇಪ್ಪತ್ತು ಸಲ ಮಾಡ್ತೀನಿ. ಬಸ್ಸು ತಡ ಆದ್ರ ಸ್ಟ್ಯಾಂಡಿಗೆ ಬಂದು ನಿಂದರ್ತೀನಿ. ನಿಮಗ ಒಂದು ಕೆಮ್ಮು ಬಂದ್ರ ರಕ್ತ ತಗೀತೀನಿ. ಈ ಅಂಜಿಕಿ ಹೋಗಂಗಿಲ್ಲ."

"ಹೋಗಲಿ ಅಂತ ನಾ ಎಲ್ಲಿ ಅಂದೆ?" ಅವನು ಒದ್ದೆ ಕಣ್ಣಲ್ಲೇ ನಕ್ಕ. "ಅಂಜಿಕಿ ಸಮೇತ ಬರ್ರಿ."

ಅವಳಿಗೆ ಅಳುವೂ ನಗುವೂ ಕೂಡಿ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾದ್ರ ಒಂದು ಮಾತು. ಮಸ್ಕಿಯಾಗ ಆಕಿ ಆಡೂವಾಗ ನೀವು ನನ್ನ ಬಾಜೂ ನಿಂದ್ರಬೇಕು."

"ನಾ ಕೋಚ್ ಅದೀನ್ರಿ. ಗೆರಿ ಬಾಜೂ ನಿಂದ್ರಬೇಕಾಗ್ತೈತಿ."

ಅನುಪಮಾ ತಾನೇ ಕೈ ಮುಂದೆ ಚಾಚಿ ಅವನ ಬೆರಳು ಹಿಡಿದಳು.

"ಇರ್ಲಿ ಬಿಡ್ರಿ... ನಾನ ಗೆರಿ ಬಾಜೂ ಬರ್ತೀನಿ."