ಇಕ್ಕಳ ಇದ್ದ ಜಾಗ

"ಛಟೀರ್!"

ಆ ಸದ್ದಿಗೆ ಆಸ್ಪತ್ರೆಯ ಗೋಡೆಗಳೇ ಒಂದು ಗೇಣು ಹಿಂದೆ ಸರಿದಿರಬೇಕು! ಸಿಸ್ಟರ್ ಬಾರಿಸಿದ ಏಟಿಗೆ ಇಂಜಿನಿಯರನ ಕೆನ್ನೆಯಲ್ಲಿ ಐದೂ ಬೆರಳು ಎದ್ದವು.

"ನನ್ನ ಇಕ್ಕಳ ಎಲ್ರೀ?"

ಮಂಚದ ಮೇಲಿದ್ದವನು ತರಕಾರಿ ಮಾರುಕಟ್ಟೆಯ ಹಮಾಲಿ. ಯಾರ ಲಾರಿ ಮೊದಲು ಖಾಲಿಯಾಗಬೇಕು ಎಂಬ ಜಗಳದಲ್ಲಿ ತೊಡೆಗೆ ಚೂರಿ ಬಿದ್ದಿತ್ತು. ರಕ್ತ ಒಡೆದ ನಲ್ಲಿಯಂತೆ ಚಿಮ್ಮುತ್ತಿತ್ತು. ಡಾಕ್ಟರ್ ಎರಡೂ ಮುಷ್ಟಿಯಿಂದ ಗಾಯ ಅದುಮಿ, "ಇಕ್ಕಳ! ಇಕ್ಕಳ!" ಎಂದು ಕೂಗುತ್ತಿದ್ದರು. ಸಿಸ್ಟರ್ ಕೈ ಎಂದಿನಂತೆ ಬೀರುವಿನ ಎರಡನೇ ಖಾನೆಗೆ ಹೋಗಿತ್ತು. ಅಲ್ಲಿದ್ದದ್ದು ಹತ್ತಿ!

"ಅದನ್ನ... ಮಂಚದ ಪಕ್ಕದ ಗೋಡೆಗೆ ಹಾಕ್ಸಿದ್ದೀನಿ. ನಿನ್ನೆ ನೀವು ಹೋದ್ಮೇಲೆ..."

"ಯಾರನ್ನ ಕೇಳಿ?"

ಸಿಸ್ಟರನ್ನಂತೂ ಕೇಳಿರಲಿಲ್ಲ ಪುಣ್ಯಾತ್ಮ! ಎಲ್ಲಿ ಹೊತ್ತು ಹಾಳಾಗುತ್ತದೆ, ಯಾರು ಸುಮ್ಮನೆ ಓಡಾಡಿ ಸಾಯುತ್ತಾರೆ ಎಂದು ನೋಡಿ ಸರಿಮಾಡುವುದೇ ಅವನ ಕಸುಬು. ಮೊದಲು ಕಾರ್ಖಾನೆಗಳಲ್ಲಿ ಮಾಡುತ್ತಿದ್ದ, ಈಗ ಆಸ್ಪತ್ರೆಗೆ ಬಂದಿದ್ದ. ಕುತ್ತಿಗೆಗೆ ಗಡಿಯಾರ ನೇತುಹಾಕಿಕೊಂಡು ಹಗಲೆಲ್ಲ ಸಿಸ್ಟರ್ ಹಿಂದೆಯೇ ಅಲೆದಾಟ.

"ನೆರಳಾದ್ರೂ ಮಧ್ಯಾಹ್ನ ಬಿಟ್ಟು ಹೋಗತ್ತೆ ಕಣಮ್ಮ, ಈ ಮಹರಾಯ ಬಿಡಲ್ಲ," ಎಂದು ಆಯಮ್ಮ ಛೇಡಿಸುತ್ತಿದ್ದಳು.

ಸಿಸ್ಟರ್‌ಗೆ ಮೊದಮೊದಲು ಹಿತವಾಗಿತ್ತು. ಒಂದು ದಿನ ಅವನು ದೊಡ್ಡ ಡಾಕ್ಟರ ಹತ್ತಿರ, "ಸಿಸ್ಟರ್ ಕಾಲಿಗೆ ಈ ಓಡಾಟ ಆಗಲ್ಲ ಸಾರ್," ಎಂದದ್ದು ಕಿವಿಗೆ ಬಿತ್ತು. ಚಿಕ್ಕಂದಿನಲ್ಲಿ ಮುರಿದು ಕುಂಟಾದ ಕಾಲು ಅದು. ಅಂದಿನಿಂದ ಹೊಟ್ಟೆಯಲ್ಲಿ ಬೆಂಕಿ! 'ಕುಂಟಿ ಅಂತ ಕೆಲಸದಿಂದ ತೆಗೆಸೋಕೆ ಬಂದವನನ್ನ ನಾನು... ಥೂ!'

ಅಷ್ಟರಲ್ಲಿ ಬಾಗಿಲು ಮುರಿದು ಒಳಗೆ ಬಿತ್ತು.

"ನನ್ನ ತಮ್ಮ ಸಾಯ್ತಿದ್ರೆ ಇಕ್ಕಳ ಹುಡುಕ್ತೀರೇನ್ರೋ?"

ಹಮಾಲಿಯ ಅಣ್ಣ! ಕೋಣನ ಕತ್ತು, ಬೆನ್ನ ಹಿಂದೆ ಮಾರುಕಟ್ಟೆಯ ಅರ್ಧ ಜನ. ಹಾರಿದ ಕುರ್ಚಿಗೆ ಕಿಟಕಿ ಪುಡಿಪುಡಿ. ಅವನು ಸಿಸ್ಟರ್ ಜಡೆಗೇ ಕೈ ಹಾಕಿ ಜಗ್ಗಿದ.

"ಬಿಡ್ರೀ ಅವರನ್ನ!" ಇಂಜಿನಿಯರ್ ನಡುವೆ ನುಗ್ಗಿದ. "ಜಾಗ ಬದಲಾಯಿಸಿದ್ದು ನಾನು. ತಪ್ಪು ನನ್ನದು. ಹೊಡೆಯೋದಾದ್ರೆ ನನ್ನ ಹೊಡೀರಿ!"

ಹೊಡೆದರು. ಮುಷ್ಟಿಯಿಂದ, ಮೊಣಕಾಲಿಂದ, ಸಲೈನ್ ಸ್ಟ್ಯಾಂಡಿನ ಕಬ್ಬಿಣದಿಂದ...

ಜಡೆ ಬಿಡಿಸಿಕೊಂಡ ಸಿಸ್ಟರ್ ಗೋಡೆಯಿಂದ ಇಕ್ಕಳ ಕಿತ್ತು ಡಾಕ್ಟರ ಕೈಗಿಟ್ಟಳು. ರಕ್ತ ಒರೆಸಿದಳು. ತಿರುಗಿ ನೋಡಿದರೆ ಮಂಚದ ಮೇಲಿನವನು ಸಾಯುತ್ತಾನೆ, ನೋಡದಿದ್ದರೆ ಇಂಜಿನಿಯರ್! ಬೆನ್ನ ಹಿಂದೆ ಬಿದ್ದ ಒಂದೊಂದು ಏಟೂ ಅವಳ ಮೂಳೆಗೇ ಬಿತ್ತು. ತಿರುಗಲಿಲ್ಲ.

"ರಕ್ತನಾಳ ಸಿಕ್ತು!" ಎಂದರು ಡಾಕ್ಟರ್. ರಕ್ತ ನಿಂತಿತು. "ಉಳೀತಾನೆ!"

ಅಣ್ಣನ ಕೈಯಿಂದ ಕಬ್ಬಿಣ ಕಳಚಿ ಬಿತ್ತು. ಅಷ್ಟು ದೊಡ್ಡ ಗಂಡಸು ನೆಲದ ಮೇಲೆ ಕೂತು ಮಗುವಿನಂತೆ ಅತ್ತ.

ಆಮೇಲೆ ತಿರುಗಿದಳು. ಇಂಜಿನಿಯರನ ಮುಖದಲ್ಲಿ ಮುಖವೇ ಉಳಿದಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅವನ ತಲೆಗೆ ಹೊಲಿಗೆ ಹಾಕಲು ಕೂತಳು.

"ಅಲುಗಾಡ್ಬೇಡಿ. ಹೊಲಿಗೆ ಸೊಟ್ಟಗಾದ್ರೆ ಯಾರೂ ಹೆಣ್ಣು ಕೊಡಲ್ಲ."

"ಈಗ್ಲೂ ಯಾರೂ ಕ್ಯೂ ನಿಂತಿಲ್ಲ ಬಿಡಿ... ಅಯ್ಯೋ!"

"ನನ್ನ ಕಾಲಿನ ವಿಷ್ಯ ದೊಡ್ಡ ಡಾಕ್ಟರಿಗೆ ಯಾಕೆ ಹೇಳಿದ್ರಿ?"

"ಸಂಜೆ ಹೊತ್ತಿಗೆ ಗೋಡೆ ಹಿಡ್ಕೊಂಡು ನಡೀತೀರಿ. ನೋಡೋಕಾಗ್ಲಿಲ್ಲ. ಸಾಮಾನೆಲ್ಲ ಮಂಚದ ಹತ್ರ ತಂದ್ರೆ ನೀವು ಓಡೋದು ತಪ್ಪತ್ತೆ ಅಂತ ಅವರನ್ನ ಒಪ್ಪಿಸ್ದೆ."

ಸೂಜಿ ಗಾಳಿಯಲ್ಲೇ ನಿಂತಿತು.

"ನನಗೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು. ಎಲ್ಲಾ ಅಳೆದೆ. ನಿಮ್ಮ ಕೈ ಕಣ್ಣುಮುಚ್ಚಿ ಅಲ್ಲಿಗೇ ಹೋಗತ್ತೆ ಅನ್ನೋದು ಹೊಳೀಲೇ ಇಲ್ಲ. ಆ ಹುಡುಗ ಹೋಗಿದ್ರೆ ಕೊಂದವನು ನಾನೇ."

"ನೀವು ನನ್ನ ಕುಂಟಿ ಅಂದ್ಕೊಂಡಿದ್ದೀರಿ ಅಂತ ಉರಿದುಹೋಗಿದ್ದೆ," ಎಂದಳು ಮೆಲ್ಲಗೆ. "ಬೇರೆ ಯಾರಂದಿದ್ರೂ ಅಷ್ಟು ಉರೀತಿರ್ಲಿಲ್ಲ."

"ನಾನಂದ್ರೆ ಯಾಕೆ?"

"ಇಷ್ಟೆಲ್ಲ ಅಳೀತೀರಿ... ಅದೊಂದು ಗೊತ್ತಾಗ್ಲಿಲ್ವಾ?"

ಊದಿಕೊಂಡ ಕಣ್ಣು ಬಿಡಿಸಿ ಅವನು ಅವಳನ್ನೇ ನೋಡಿದ.

"ಇನ್ಮೇಲೆ ಹತ್ತಿ ಸರಿಸ್ಬೇಕಾದ್ರೂ ನಿಮ್ಮನ್ನ ಕೇಳ್ತೀನಿ."

"ಎಲ್ಲೀ ತನಕ? ಆಸ್ಪತ್ರೆ ಕೆಲಸ ಮುಗಿಯೋ ತನಕಾನಾ?"

"ನಾನು ಮುಗಿಯೋ ತನಕ."

ಬಾಗಿಲಲ್ಲಿ ಗಾಜು ಗುಡಿಸುತ್ತಿದ್ದ ಆಯಮ್ಮ ಕೆಮ್ಮಿದಳು. "ಹೊಲಿಗೆ ಮುಗಿದು ಯುಗ ಆಯ್ತು ಸಿಸ್ಟರೇ, ಇನ್ನೂ ತಲೆ ಹಿಡ್ಕೊಂಡೇ ಇದ್ದೀರಲ್ಲ!"

ಸಿಸ್ಟರ್ ಕೆಂಪಾದಳು. ಕೈ ಮಾತ್ರ ತೆಗೆಯಲಿಲ್ಲ.

"ನೋಯ್ತಿದೆಯಾ? ಬಿಡ್ಲಾ?"

"ತುಂಬಾ ನೋಯ್ತಿದೆ," ಎಂದ ಅವನು. "ಬಿಡ್ಬೇಡಿ."